ಮೂರನೆಯ ಮುತ್ತೈದೆ

ಜಪಾನಿನಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೆ ಬೆಲ್ಲನ್ನೂ ಒತ್ತುವುದಿಲ್ಲ. ಬೆಲ್ ಆಯಿತೆಂದರೆ ಒಂದೋ ಪಾರ್ಸೆಲ್ಲಿನವನು, ಇಲ್ಲ ಪೇಪರ್ ಹಾಕಿಸಿಕೊಳ್ಳಿ ಅನ್ನುವವನು, ಇವರಿಬ್ಬರೂ ಅಲ್ಲದಿದ್ದರೆ ದೇವರ ವಿಷಯ ಮಾತಾಡಲು ಬಂದವರು. ಸಗಮಿಹಾರಾದ ಈ ಮೂರಂತಸ್ತಿನ ಅಪಾರ್ಟ್‌ಮೆಂಟಿಗೆ ನಾವು ಬಂದು ಆರು ವರ್ಷ. "ಹೆಪ್ಪಿಗೆ ಒಂದು ಚಮಚ ಮೊಸರಿದೆಯಾ" ಅಂತ ಒಬ್ಬರೂ ಒಂದು ದಿನವೂ ಬಂದಿಲ್ಲ. ಮೈಸೂರಿನಲ್ಲಿ ಹಗಲೆಲ್ಲಾ ಬಾಗಿಲು ತೆರೆದೇ ಇರುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಮೊದಲ ವರ್ಷ ಬೆಲ್ ಆದರೆ ಸಾಕು, ಕೈ ಒರೆಸಿಕೊಳ್ಳುತ್ತಾ ಓಡುತ್ತಿದ್ದೆ. ಎರಡನೆಯ ವರ್ಷಕ್ಕೆ ಈ ಊರಿನ ಬುದ್ಧಿ ಬಂತು. ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ ಯಾರೆಂದು ನೋಡುವುದು, ಬೇಡದವರಾದರೆ ಉಸಿರು ಬಿಗಿಹಿಡಿದು ನಿಲ್ಲುವುದು. ಮನೆಯಲ್ಲಿದ್ದೂ ಇಲ್ಲದವರಂತೆ ಇರುವುದಕ್ಕೆ ಇಲ್ಲಿನ ಭಾಷೆಯಲ್ಲಿ ಒಂದು ಪದವೇ ಇದೆ, ಅಂದಮೇಲೆ ಎಷ್ಟು ಜನ ಮಾಡುತ್ತಾರೋ ನೀವೇ ಲೆಕ್ಕ ಹಾಕಿ.

ಆ ಇಬ್ಬರು ಹುಡುಗಿಯರು ಮೊದಲ ಸಲ ಬಂದದ್ದು ಮಳೆಗಾಲದಲ್ಲಿ. ಉದ್ದ ಲಂಗ, ತಲೆಗೆ ಸೈಕಲ್ ಹೆಲ್ಮೆಟ್ಟು, ಎದೆಯ ಮೇಲೆ ಕಪ್ಪು ಬಿಲ್ಲೆ. ಒಬ್ಬಳು ಎತ್ತರ, ಇನ್ನೊಬ್ಬಳು ಗಿಡ್ಡ, ಮೂಗು ಬಿಸಿಲಿಗೆ ಸುಟ್ಟು ಸಿಪ್ಪೆ ಎದ್ದಿತ್ತು. ಅಮೆರಿಕದವರು. ಮೊರ್ಮನ್ ಪಂಗಡದ ಪ್ರಚಾರಕರು, ಮನೆಮನೆಗೆ ಹೋಗಿ ಧರ್ಮ ಹೇಳುವುದು ಅವರ ಕೆಲಸ. ಬಾಯಿ ತೆರೆದರೆ ನನಗಿಂತ ನಾಲ್ಕು ಪಟ್ಟು ಚೆನ್ನಾದ ಜಪಾನೀ ಭಾಷೆ. ನನಗೆ ಮೊದಲು ಸಿಟ್ಟು ಬಂದದ್ದೇ ಅದಕ್ಕೆ. "ವಿ ಆರ್ ಹಿಂದೂಸ್, ಥ್ಯಾಂಕ್ಯೂ" ಅಂತ ಬಾಗಿಲು ಹಾಕಿಬಿಟ್ಟೆ. ಹಾಕಿದ ಮೇಲೆ ಅನ್ನಿಸಿತು, ಒದ್ದೆಯಾಗಿ ನಿಂತಿದ್ದ ಹೆಣ್ಣುಮಕ್ಕಳಿಗೆ ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲವಲ್ಲ. ಆಮೇಲೆ ಎರಡು ಸಲ ಬಂದರು. ಎರಡು ಸಲವೂ ನಾನು ಪರದೆ ನೋಡುತ್ತಾ ಕಂಬದ ಹಾಗೆ ನಿಂತೆ, ಮಗಳಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಹತ್ತು ವರ್ಷದವಳು, ಅಮ್ಮ ಸುಳ್ಳು ಹೇಳುವುದನ್ನು ಇಷ್ಟು ಹತ್ತಿರದಿಂದ ನೋಡಿ ಅವಳಿಗೆ ಬಲು ಖುಷಿ.

ಶ್ರಾವಣ ಬಂತು, ವರಮಹಾಲಕ್ಷ್ಮಿ ಹಬ್ಬ ಬಂತು. ಪ್ರತಿ ವರ್ಷ ನಾನು ಹಬ್ಬಕ್ಕೆ ರೈಲು ಹತ್ತಿ ಕೋಟೋಗೆ ಹೋಗುತ್ತಿದ್ದೆ. ಅಲ್ಲಿನ ಎತ್ತರದ ಫ್ಲಾಟುಗಳಲ್ಲಿ ಬೆಂಗಳೂರಿನ ಐಟಿಯವರ ಸಂಸಾರಗಳು ಬೇಕಾದಷ್ಟಿವೆ, ಕೂಗಿದರೆ ಮೂವತ್ತು ಮುತ್ತೈದೆಯರು ಸೇರುತ್ತಾರೆ. ಸಗಮಿಹಾರಾದಲ್ಲಿ ಇರುವುದು ಉಪಗ್ರಹ ಕಟ್ಟುವವರು, ನಮ್ಮನೆಯವರಂಥವರು. ಯಾವುದೋ ಗ್ರಹದ ಸುತ್ತ ತಿರುಗುವ ಡಬ್ಬಿ ಈ ಕ್ಷಣ ಎಲ್ಲಿದೆ ಅಂತ ಹೇಳುತ್ತಾರೆ, ಮನೆಯಲ್ಲಿ ಶುಂಠಿ ಎಲ್ಲಿದೆ ಅಂದರೆ ಗೊತ್ತಿಲ್ಲ. ಆ ವರ್ಷ ಕೋಟೋದ ಗುಂಪಿನಲ್ಲಿ ಮೆಸೇಜು ಬಂತು: ಎಲ್ಲರಿಗೂ ಅನುಕೂಲವಾಗಲಿ ಅಂತ ಹಬ್ಬವನ್ನು ಶನಿವಾರಕ್ಕೆ ಹಾಕಿದ್ದೇವೆ. ನನಗೆ ಮೈ ಉರಿದುಹೋಯಿತು. ಶುಕ್ರವಾರ ಬರುವ ಲಕ್ಷ್ಮಿ ಶನಿವಾರ ಓವರ್‌ಟೈಮ್ ಮಾಡುತ್ತಾಳೇನು ಅಂತ ಬರೆದೆ. ಮೂರು ನಗುವ ಮುಖಗಳು ಬಂದವು, ಹಬ್ಬ ಶನಿವಾರವೇ ಉಳಿಯಿತು. ನಾನೂ ಹಟಮಾರಿ. ನನ್ನ ಮನೆಯಲ್ಲೇ, ಶುಕ್ರವಾರವೇ ಮಾಡುತ್ತೇನೆ ಅಂತ ಹೇಳಿಬಿಟ್ಟೆ. ಹೇಳುವುದೇನೋ ಹೇಳಿದೆ, ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಎಲ್ಲಿಂದ ತರಲಿ?

ಅಮ್ಮನಿಗೆ ಫೋನ್ ಮಾಡಿದೆ. "ಐದು ಜನ ಆಗದಿದ್ರೆ ಮೂರು ಜನಕ್ಕಾದ್ರೂ ಕೊಡು. ದೀಪ ಹಚ್ಚೋ ಹೊತ್ತಿಗೆ ಮನೇಲಿ ಮೂರು ಜನ ಹೆಣ್ಣುಮಕ್ಕಳು ಇರಬೇಕು ಕಣೇ. ಇಲ್ಲದಿದ್ರೆ ಕಳಶ ಇಟ್ಟು ಏನು ಬಂತು?" ಅಂದಳು. ಅಮ್ಮನ ಮಾತಿಗೆ ತೂಕವಿದೆ. ಅವಳ ಕಾಲದಲ್ಲಿ ನಮ್ಮ ಮನೆಗೆ ನಲವತ್ತು ಹೆಂಗಸರು ಬರುತ್ತಿದ್ದರು. ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಕೊಡುವುದು ತೆಗೆದುಕೊಳ್ಳುವುದು ಎಲ್ಲಾ ಅತ್ತಿಗೆಯದು. ಬೆಳಗಿನಿಂದ ಒಬ್ಬಟ್ಟು ತಟ್ಟುವವಳು ಅಮ್ಮ, ಸಂಜೆ ಹೆಂಗಸರು ಬರುವ ಹೊತ್ತಿಗೆ ಅಡುಗೆಮನೆ ಸೇರಿಕೊಳ್ಳುವವಳೂ ಅಮ್ಮ. ಹೀಗಿರು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಅತ್ತಿಗೆ ಕೈ ಹಿಡಿದು ಎಳೆದರೂ ಬರಲಿಲ್ಲ.

ಹಬ್ಬದ ದಿನ ಸಗಮಿಹಾರಾದಲ್ಲಿ ಬಿಸಿಲೆಂದರೆ ಬಿಸಿಲು. ಕಳಶಕ್ಕೆ ಮಾವಿನೆಲೆ ಸಿಗದೆ ಪಾರ್ಕಿನ ಹಣ್ಣಿನ ಗಿಡವೊಂದರ ಉದ್ದನೆಯ ಎಲೆ ಇಟ್ಟೆ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೇ ಸೇವಂತಿಗೆ ಕಟ್ಟು ಕಟ್ಟಾಗಿ ಇಟ್ಟಿದ್ದರು. ಪ್ರತಿ ಆಗಸ್ಟಿನಲ್ಲೂ ಇಡುತ್ತಾರೆ. ನಮ್ಮ ಹಬ್ಬ ಇವರಿಗೆ ಹೇಗೆ ಗೊತ್ತೋ ಅಂತ ಪ್ರತಿ ವರ್ಷ ಆಶ್ಚರ್ಯಪಟ್ಟು, ಕೋಟೋಗೂ ನಾನೇ ಹೊತ್ತುಕೊಂಡು ಹೋಗುತ್ತಿದ್ದೆ. ಈ ಸಲ ನಾಲ್ಕು ಕಟ್ಟು ತಂದೆ. ಬೆಳಿಗ್ಗೆ ಪೂಜೆಯಾಯಿತು. ನಮ್ಮನೆಯವರು ಎರಡು ಒಬ್ಬಟ್ಟು ತಿಂದು ಗ್ರಹ ಕಾಯಲು ಹೋದರು. ಸಂಜೆ ನಾಲ್ಕಾದರೂ ನನ್ನ ಲೆಕ್ಕ ಸೊನ್ನೆ. ಮಗಳು ಸಾಲಾಗಿ ಇಟ್ಟಿದ್ದ ತಟ್ಟೆ, ಬ್ಲೌಸ್ ಪೀಸು, ಬಾಳೆಹಣ್ಣು ನೋಡಿ, "ನೋಬಡಿ ಈಸ್ ಕಮಿಂಗ್ ಅಮ್ಮ" ಅಂದಳು.

ಆಗ ಬೆಲ್ ಆಯಿತು. ಪರದೆಯಲ್ಲಿ ಅದೇ ಎರಡು ಹೆಲ್ಮೆಟ್ಟು. ಮಗಳು ಅಭ್ಯಾಸಬಲದಿಂದ ತಾನೇ ಬಾಯಿಯ ಮೇಲೆ ಬೆರಳಿಟ್ಟುಕೊಂಡಳು. ನಾನು ಒಂದು ನಿಮಿಷ ನೋಡಿದೆ. ಶ್ರಾವಣ ಶುಕ್ರವಾರ, ಸಂಜೆ ಹೊತ್ತು, ಬಾಗಿಲಲ್ಲಿ ಎರಡು ಹೆಣ್ಣುಮಕ್ಕಳು. ಇವರನ್ನು ಕಳಿಸಿದರೆ ಲಕ್ಷ್ಮಿಯನ್ನು ಕೈಯಾರೆ ಆಚೆ ತಳ್ಳಿದ ಹಾಗೆ. ಬಾಗಿಲು ತೆಗೆದವಳೇ, "ಬನ್ನಿ ಬನ್ನಿ, ಒಳಗೆ ಬನ್ನಿ" ಅಂತ ಅಪ್ಪಟ ಕನ್ನಡದಲ್ಲಿ ಹೇಳಿ ಎತ್ತರದವಳ ಕೈ ಹಿಡಿದು ಎಳೆದೆ. ಪಾಪ, ಆ ಮುಖ ನೋಡಬೇಕಿತ್ತು. ದಿನಕ್ಕೆ ನೂರು ಬಾಗಿಲು ಮುಚ್ಚಿಸಿಕೊಳ್ಳುವವರು ಅವರು. ಬಾಗಿಲೇ ಕೈ ಹಿಡಿದು ಎಳೆದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕೂರಿಸಿದೆ. ಕಾಫಿ ತಂದೆ, ಡಿಕಾಕ್ಷನ್ ಬೆಳಿಗ್ಗೆಯೇ ಇಳಿಸಿಟ್ಟದ್ದು. ಬೇಡ ಅಂದರು. ಸಂಕೋಚವೆಂದು ತಿಳಿದು ಮತ್ತೆ ಮುಂದೆ ಹಿಡಿದೆ. "ನಮ್ಮ ಧರ್ಮದಲ್ಲಿ ಕಾಫಿ ಕುಡಿಯೋದಿಲ್ಲ" ಅಂದಳು ಎತ್ತರದವಳು. ಟೀ ಅಂದೆ. ಅದೂ ಇಲ್ಲ. ಕಾಫಿ ಟೀ ಎರಡೂ ಇಲ್ಲದೆ ಮನೆಮನೆ ಸುತ್ತುವ ಧರ್ಮ ಹೇಗೆ ನಡೆಯುತ್ತದಪ್ಪ ಅಂದುಕೊಂಡು ಮಜ್ಜಿಗೆ ತಂದೆ. ಶುಂಠಿ, ಹಸಿಮೆಣಸಿನಕಾಯಿ ಸ್ವಲ್ಪ ಜೋರಾಗಿತ್ತು. ಗಿಡ್ಡವಳ ಕಣ್ಣಲ್ಲಿ ನೀರು ಬಂತು. ಆದರೂ ಪೂರ್ತಿ ಕುಡಿದು ಇನ್ನೊಂದು ಲೋಟ ಕೇಳಿದಳು. ಆ ಕ್ಷಣವೇ ಆ ಹುಡುಗಿ ನನಗೆ ಇಷ್ಟವಾಗಿಬಿಟ್ಟಳು.

ಮಜ್ಜಿಗೆ ಕುಡಿದವರ ಮುಂದೆ ಸುಳ್ಳು ಇಟ್ಟುಕೊಳ್ಳುವುದು ನನಗಾಗಲಿಲ್ಲ. "ಹೋದ ಎರಡು ಸಲ ನೀವು ಬಂದಾಗ ನಾನು ಮನೆಯಲ್ಲೇ ಇದ್ದೆ" ಅಂದೆ. "ಗೊತ್ತು" ಅಂದಳು ಎತ್ತರದವಳು. "ಒಳಗೆ ಏನೋ ಜೋರಾಗಿ ಸೀಟಿ ಹೊಡೀತಿತ್ತು. ಮೂರು ಸಲ. ಇವಳು ಬೆಂಕಿ ಬಿದ್ದಿದೆ ಅಂತ ಹೆದರಿದ್ಲು." ಕುಕ್ಕರ್! ಉಸಿರು ಬಿಗಿಹಿಡಿದು ನಿಂತಿದ್ದೇ ಬಂತು, ಕುಕ್ಕರ್ ನನ್ನ ಮಾನ ಬೀದಿಗೆ ಹಾಕಿತ್ತು. ಮಗಳು ನೆಲದ ಮೇಲೆ ಬಿದ್ದು ನಕ್ಕಳು.

ಅರಿಶಿನ ಕುಂಕುಮದ ತಟ್ಟೆ ತಂದಾಗ ಮಾತ್ರ ಅವರು ಮುಖ ಮುಖ ನೋಡಿಕೊಂಡರು. ಇದನ್ನು ಹಣೆಗಿಟ್ಟುಕೊಂಡರೆ ನಿಮ್ಮ ದೇವಿಯನ್ನು ಪೂಜಿಸಿದ ಹಾಗಾ, ಅಂತ ಗಿಡ್ಡವಳು ಕೇಳಿದಳು. ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಬಹುದಿತ್ತು. ಹೇಳಲಿಲ್ಲ. "ನನಗೆ ಅದು ದೇವಿಯ ಪ್ರಸಾದವೇ. ನಿಮಗೆ ಬೇಡವಾದರೆ ಬೇಡ ಅನ್ನಿ, ಬೇಜಾರಿಲ್ಲ" ಅಂದೆ. ಸ್ವಲ್ಪ ಬೇಜಾರಿತ್ತು, ಇರಲಿ. ಎತ್ತರದವಳು ಯೋಚಿಸಿ, "ಹಣೆಗೆ ಬೇಡ. ಮಿಕ್ಕಿದ್ದೆಲ್ಲಾ ಸಂತೋಷವಾಗಿ ತಗೋತೀವಿ" ಅಂದಳು. ಬ್ಲೌಸ್ ಪೀಸು, ಬಾಳೆಹಣ್ಣು, ತೆಂಗಿನಕಾಯಿ ತೆಗೆದುಕೊಂಡರು. ಇಬ್ಬರ ತಲೆಗೂ ಸೇವಂತಿಗೆ ಮುಡಿಸಿದೆ. ಮುಡಿಸುವಾಗ ಅವರಿಬ್ಬರೂ ಮತ್ತೆ ಮುಖ ನೋಡಿಕೊಂಡರು, ಆದರೆ ಏನೂ ಅನ್ನಲಿಲ್ಲ. ಆಮೇಲೆ ಎತ್ತರದವಳು ತನ್ನ ಚೀಲದಿಂದ ನೀಲಿ ಪುಸ್ತಕ ತೆಗೆದು, ಇದನ್ನು ಇಟ್ಟು ಹೋಗಬಹುದಾ ಅಂತ ಕೇಳಿದಳು. "ನಾನು ಓದೋದಿಲ್ಲ. ಸುಮ್ಮನೆ ತಗೊಂಡು ಶೆಲ್ಫಿಗೆ ಹಾಕಿದ್ರೆ ನಿಮಗೇ ಮೋಸ" ಅಂದೆ. ಅವಳು ನಕ್ಕು ಪುಸ್ತಕ ಒಳಗಿಟ್ಟಳು. ಅವರು ಒಂದು ಬೇಡ ಅಂದರು, ನಾನೊಂದು ಬೇಡ ಅಂದೆ. ಅಲ್ಲಿಂದಾಚೆ ಮಾತು ಸಲೀಸಾಯಿತು.

ಆದರೆ ಇಬ್ಬರಾದರು, ಇನ್ನೊಬ್ಬರು ಬೇಕು. ಗಂಟೆ ಐದೂವರೆ, ದೀಪಕ್ಕೆ ಇನ್ನು ಒಂದೇ ಗಂಟೆ. ನನ್ನ ಚಡಪಡಿಕೆ ನೋಡಿ ಎತ್ತರದವಳು, ನಿಮ್ಮ ಊರಲ್ಲಿ ಹೆಂಗಸರನ್ನು ಹೇಗೆ ಸೇರಿಸುತ್ತೀರಿ ಅಂತ ಕೇಳಿದಳು. ಚಿಕ್ಕವಳಿದ್ದಾಗ ಅಮ್ಮ ನನ್ನ ಕೈಗೆ ಕುಂಕುಮದ ಬರಣಿ ಕೊಟ್ಟು ಬೀದಿಗೆ ಕಳಿಸುತ್ತಿದ್ದಳು, ಪ್ರತಿ ಮನೆ ಬಾಗಿಲಲ್ಲೂ ನಿಂತು "ಸಂಜೆ ಅರಿಶಿನ ಕುಂಕುಮಕ್ಕೆ ಬರಬೇಕಂತೆ" ಅಂತ ಕರೆದು ಬರುತ್ತಿದ್ದೆ ಅಂದೆ. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. "ಅಂದ್ರೆ ನೀವೂ ನಮ್ಮ ಕೆಲಸವೇ ಮಾಡ್ತಿದ್ರಿ" ಅಂದಳು ಗಿಡ್ಡವಳು. ಹಾಗಾದರೆ ಇಲ್ಲೂ ಹೋಗಿ ಕರೆಯಿರಿ ಅಂದರು. ನಾವು ಬರುವ ಹಾಗಿಲ್ಲ, ಬೇರೆ ದೇವರ ಕರೆ ನಾವು ಕೊಡಲಾರೆವು. ಆದರೆ ಬೆಲ್ ಒತ್ತುವ ವಿದ್ಯೆ ಹೇಳಿಕೊಡುತ್ತೇವೆ ಅಂದರು.

ಅದೂ ಒಂದು ವಿದ್ಯೆಯೇ ನೋಡಿ. ಒಂದು ಸಲ ಮಾತ್ರ ಒತ್ತಬೇಕು. ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಕ್ಯಾಮೆರಾದಲ್ಲಿ ಬರೀ ಮೂಗು ಕಂಡರೆ ಯಾರೂ ತೆಗೆಯುವುದಿಲ್ಲ. ಕೈಯಲ್ಲಿ ಕಾಗದ ಇರಬಾರದು. ಮೊದಲ ಉಸಿರಿನಲ್ಲೇ ಸುಮಿಮಾಸೆನ್, ಅಂದರೆ ಕ್ಷಮಿಸಿ, ನಾನು ಇಂಥ ಮನೆಯವಳು ಅಂತ ಹೇಳಬೇಕು. ಇಲ್ಲ ಅಂದರೆ ತಲೆಬಾಗಿ ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿ ಮುಂದಿನ ಬಾಗಿಲಿಗೆ. "ಮುಖ ಚಿಕ್ಕದು ಮಾಡಬೇಡಿ. ಮುಂದಿನ ಮನೆಯವರದ್ದು ಏನೂ ತಪ್ಪಿಲ್ಲ ಅಲ್ವಾ" ಅಂದಳು ಎತ್ತರದವಳು. ಇಪ್ಪತ್ತೊಂದು ವರ್ಷದ ಹುಡುಗಿ ಹೇಳಿದ ಮಾತು ಅದು.

ನಾಚಿಕೆ ಅಂತ ಗೊಣಗುತ್ತಿದ್ದ ಮಗಳನ್ನು ಮಾತಿಗೆ ಬೇಕೆಂದು ಎಳೆದುಕೊಂಡು ಹೊರಟೆ. ಮೊದಲ ಬಾಗಿಲಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. ಸತ್ತ ಹಿರಿಯರನ್ನು ನೆನೆಯುವ ಇವರ ಓಬೋನ್ ರಜೆ, ಅರ್ಧ ಜನ ಊರಿಗೆ ಹೋಗಿದ್ದರು. ಎರಡನೆಯ ಬಾಗಿಲಲ್ಲಿ ಬೆಲ್ಲಿನ ಪಕ್ಕದ ಪುಟ್ಟ ಕೆಂಪು ದೀಪ ಹತ್ತಿತು. ಒಳಗೆ ಪರದೆಯಲ್ಲಿ ನನ್ನನ್ನು ನೋಡುತ್ತಿದ್ದಾರೆ. ನಾನು ನಕ್ಕೆ, ನನ್ನ ಮನೆ ನಂಬರ್ ಹೇಳಿದೆ, ಕಾದೆ. ದೀಪ ಆರಿತು. ಬಾಗಿಲು ತೆರೆಯಲಿಲ್ಲ. ಆ ಹುಡುಗಿಯರನ್ನು ನಾನು ಎರಡು ಸಲ ನಿಲ್ಲಿಸಿದ್ದು ಹೀಗೇ, ಇಂಥ ಜಾಗದಲ್ಲೇ ಅಂತ ಅರ್ಥವಾಗಿ ನಿಜಕ್ಕೂ ನಾಚಿಕೆಯಾಯಿತು. ಕಣ್ಣಿಗೆ ಕಾಣದ ಕ್ಯಾಮೆರಾಗೆ ತಲೆಬಾಗಿ ಅರಿಗಾತೋ ಹೇಳಿ ಮೆಟ್ಟಿಲು ಇಳಿದೆ.

ಕೆಳಗಿನ ಮನೆಯ ಅಜ್ಜಿಯ ಬಾಗಿಲಿಗೆ ಹೋಗುವ ಧೈರ್ಯ ನನಗಿರಲಿಲ್ಲ. ಆರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಇದ್ದ ಸಂಬಂಧ ಕಸದ ಸಂಬಂಧ. ತೆಂಗಿನ ಚಿಪ್ಪನ್ನು ತಪ್ಪು ಚೀಲಕ್ಕೆ ಹಾಕಿದೆನೆಂದು ಚೀಟಿ ಅಂಟಿಸಿ ನನ್ನ ಬಾಗಿಲಿಗೇ ವಾಪಸು ತಂದಿಟ್ಟವರು ಅವರು. ಬೇರೆ ದಾರಿಯಿರಲಿಲ್ಲ, ಒತ್ತಿದೆ, ಎರಡು ಹೆಜ್ಜೆ ಹಿಂದೆ ನಿಂತೆ. ಬಾಗಿಲು ತೆರೆಯಿತು. ಮಗಳು ಹೇಳಿದಳು: ಇವತ್ತು ನಮ್ಮ ಹಬ್ಬ, ಮನೆಗೆ ಹೆಂಗಸರು ಬಂದರೆ ಒಳ್ಳೆಯದಾಗುತ್ತದೆ, ಹತ್ತು ನಿಮಿಷ ಬಂದು ಕೂರುತ್ತೀರಾ. ಅಜ್ಜಿ ಯೋಚಿಸಿದರು. ಇಲ್ಲಿಯವರು ಯೋಚಿಸಿದರೆಂದರೆ ಇಲ್ಲ ಅಂತಲೇ ಲೆಕ್ಕ. ಆದರೆ, "ಏಪ್ರನ್ ಬಿಚ್ಚಿ ಬರಲಾ?" ಅಂದರು.

ನಾನು ಮೇಲೆ ಬಂದು ದೀಪದ ಬತ್ತಿ ಸರಿಮಾಡಿ ಅಮ್ಮನಿಗೆ ವಿಡಿಯೋ ಕರೆ ಮಾಡಿದೆ. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಕಳಶ, ಹುಡುಗಿಯರು ಎಲ್ಲಾ ಕಾಣುವ ಹಾಗೆ ಇಟ್ಟೆ. ಅಲ್ಲಿ ಇನ್ನೂ ಮಧ್ಯಾಹ್ನ ಮೂರು ಗಂಟೆ. ಅಷ್ಟರಲ್ಲಿ ಅಜ್ಜಿ ಎರಡು ಪೀಚ್ ಹಣ್ಣು ಹಿಡಿದು ಬಂದರು. ಒಳಗೆ ಕಾಲಿಟ್ಟವರು ಹುಡುಗಿಯರ ತಲೆ ನೋಡಿ, ನನ್ನ ಜಡೆ ನೋಡಿ, ಲಕ್ಷ್ಮಿಯ ಹಾರ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು. ಮಗಳೂ ನಗುತ್ತಾ ಹೇಳಿದಳು: "ಅಮ್ಮ, ಆ ಫ್ಲವರ್ಸ್ ಸತ್ತವರ ಫೋಟೋಗೆ ಇಡೋದು. ಓಬೋನ್‌ಗೆ."

"ನಿಂಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಆರು ವರ್ಷದಿಂದ ನಾನು ಇಡೀ ಕೋಟೋದ ಮುತ್ತೈದೆಯರಿಗೆ ಶ್ರಾದ್ಧದ ಹೂವು ಮುಡಿಸಿದ್ದೆ. ಶನಿವಾರದ ಹಬ್ಬಕ್ಕೆ ನಾನು ಹೋಗದಿದ್ದದ್ದೇ ಅವರ ಪುಣ್ಯ. ಫೋನಿನಿಂದ ಅಮ್ಮ, "ಸೇವಂತಿಗೆ ಸೇವಂತಿಗೆನೇ ಕಣೇ. ಹೂವಿಗೇನು ಗೊತ್ತು, ಸುಮ್ನಿರು" ಅಂದಳು.

ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ ಕೂತರು. ಇದೇ ಕಟ್ಟು ನಮ್ಮ ಮನೆಯಲ್ಲೂ ಇದೆ, ನನ್ನ ಯಜಮಾನರ ಫೋಟೋ ಮುಂದೆ ಬೆಳಿಗ್ಗೆ ಇಟ್ಟೆ ಅಂದರು. ಮಗಳು ಅದನ್ನೂ ಗಟ್ಟಿಯಾಗಿ ಕನ್ನಡಕ್ಕೆ ತಂದಳು: "ಅಜ್ಜಿ ಹಸ್ಬೆಂಡ್ ಫೋರ್ ಇಯರ್ಸ್ ಹಿಂದೆ ಸತ್ತೋದ್ರಂತೆ."

ನನ್ನ ಬೆರಳು ಕುಂಕುಮದ ಬಟ್ಟಲಿನಲ್ಲೇ ನಿಂತಿತು. ಅಜ್ಜಿ ಹಣೆ ಮುಂದೆ ಮಾಡಿ ಕಣ್ಣು ಮುಚ್ಚಿ ಕೂತಿದ್ದಾರೆ. ಗಂಡ ಸತ್ತವರಿಗೆ ಕೊಡುವುದಿಲ್ಲ ಅನ್ನುವುದು ನನಗೆ ಯಾರೂ ಪಾಠ ಮಾಡಿದ್ದಲ್ಲ, ಕೈಗೇ ಗೊತ್ತಿತ್ತು. ನಾನು ಓದಿದವಳು, ಇದನ್ನೆಲ್ಲಾ ನಂಬುವವಳಲ್ಲ ಅಂತ ಹತ್ತು ಜನರ ಮುಂದೆ ವಾದ ಮಾಡಿದವಳು. ಆದರೂ ಕೈ ನಿಂತಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಫೋನಿನ ಕಡೆ ನೋಡಲು ಧೈರ್ಯವಾಗಲಿಲ್ಲ.

"ಏನೇ ನೋಡ್ತಾ ನಿಂತೆ?" ಅಂದಳು ಅಮ್ಮ. "ಕರೆದು ಕೂರಿಸಿದವರನ್ನ ಹೀಗಾ ಕಾಯಿಸೋದು? ಇಡು."

ಇಟ್ಟೆ. ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ತಲೆಗೆ ಹೂವು. ಅಜ್ಜಿ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು, ನಮ್ಮ ಯಜಮಾನರು ನೋಡಿದ್ದರೆ ಚೆನ್ನಾಗಿರುತ್ತಿತ್ತು ಅಂದರು. ದೀಪ ಹಚ್ಚಿದೆ. ಮೂರು ಜನ.

ಯಾಕೆ ಹಾಗೆ ನಿಂತುಬಿಟ್ಟಿರಿ ಅಂತ ಎತ್ತರದವಳು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು. ಮುಚ್ಚಿಡದೆ ಹೇಳಿದೆ. ಗಂಡ ಹೋದ ಮೇಲೆ ಇದು ಮುಗಿಯಿತು ಅಂತ ನಮ್ಮಲ್ಲಿ ನಡೆದು ಬಂದಿದೆ, ನಮ್ಮಮ್ಮನೂ ಹಾಗೇ ಇದ್ದಾಳೆ ಅಂದೆ. ಅವಳು ಫೋನಿನಲ್ಲಿದ್ದ ಅಮ್ಮನನ್ನು ನೋಡಿದಳು. "ನಮ್ಮ ನಂಬಿಕೆಯಲ್ಲಿ ಮದುವೆ ಸಾವಿಗೆ ಮುಗಿಯೋದಿಲ್ಲ. ನಮ್ಮ ದೇವಾಲಯದಲ್ಲಿ ಕಟ್ಟಿದ ಗಂಟು ಸತ್ತ ಮೇಲೂ ಹಾಗೇ ಇರುತ್ತೆ. ಗಂಡ ಹೆಂಡತಿ ಯಾವಾಗಲೂ ಗಂಡ ಹೆಂಡತಿಯೇ" ಅಂದಳು. ಮಾರುವ ದನಿಯಲ್ಲಿ ಹೇಳಲಿಲ್ಲ, ತನ್ನ ಅಮ್ಮನ ಬಗ್ಗೆ ಹೇಳುವ ಹಾಗೆ ಹೇಳಿದಳು.

"ಏನಂತಾಳೆ ಅವಳು?" ಅಂದಳು ಅಮ್ಮ. ನಾನು ಕನ್ನಡದಲ್ಲಿ ಹೇಳಿದೆ.

"ಹಾಗಾದ್ರೆ ಅವರಲ್ಲಿ ಮುತ್ತೈದೆತನ ಹೋಗೋದೇ ಇಲ್ವಂತಾ?"

"ಇಲ್ವಂತೆ."



ನಾನು ಮೊರ್ಮನ್ ಆಗಲಿಲ್ಲ, ಗಾಬರಿಯಾಗಬೇಡಿ. ಆ ಹುಡುಗಿಯರು ಆಮೇಲೆ ಎರಡು ಸಲ ಬಂದು ಮಜ್ಜಿಗೆ ಕುಡಿದು ಹೋದರು, ಮೂರನೆಯ ತಿಂಗಳಿಗೆ ಬೇರೆ ಊರಿಗೆ ಹಾಕಿದರಂತೆ. ಅವರ ಪುಸ್ತಕ ನಾನು ಕೊನೆಗೂ ತೆಗೆದುಕೊಳ್ಳಲಿಲ್ಲ. ಆದರೆ ಅವತ್ತು ಹೇಳಿದ ಆ ಒಂದು ಮಾತನ್ನು ತೆಗೆದುಕೊಂಡೆ, ಇಲ್ಲ ಅನ್ನುವುದಿಲ್ಲ.

ಅವತ್ತು ಎಲ್ಲರೂ ಹೊರಟ ಮೇಲೆ ಫೋನ್ ಕೈಗೆತ್ತಿಕೊಂಡೆ. ಅಮ್ಮ ಇನ್ನೂ ಹಾಗೇ ಕೂತಿದ್ದಳು.

"ಆ ಅಜ್ಜಿಗೆ ಕುಂಕುಮ ಲಕ್ಷಣವಾಗಿ ಕಾಣ್ತಿತ್ತು ಅಲ್ವೇನೇ?" ಅಂದಳು.

"ನಿಂಗೂ ಕಾಣುತ್ತಮ್ಮ" ಅಂದೆ.

ಅಮ್ಮ ಪಕ್ಕಕ್ಕೆ ತಿರುಗಿ ಏನನ್ನೋ ನೋಡಿದಳು. ಒಳಗೆಲ್ಲೋ ಅತ್ತಿಗೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ಸಂಜೆ ಇಲ್ಲಿಗೆ ಹೆಂಗಸರು ಬರ್ತಾರೆ" ಅಂದಳು. "ನಾನು ಯಾವ ಸೀರೆ ಉಟ್ಕೊಳ್ಳಲಿ?"

"ಹಸಿರು ರೇಷ್ಮೆ ಉಟ್ಕೋ" ಅಂದೆ.

"ಅದರ ಬ್ಲೌಸು ಬಿಗಿಯಾಗುತ್ತೆ ಕಣೇ" ಅಂದು, ಬೀರು ತೆಗೆಯಲು ಎದ್ದಳು.